ಮತ್ತು ಹಿಡಿಯದ ಮೈ

ಮರೆತುಹೋಗಿತ್ತು ಅಂತ ನಿನಗೆ ಹೇಳಿದೆನಲ್ಲ ಭಾಗ್ಯ — ಅದು ಸುಳ್ಳು. ನಾನು ಮರೆತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಗುಬ್ಬಿಯ ಆ ನರ್ಸಿಂಗ್ ಹೋಮಿನಲ್ಲಿ, ನಿನ್ನ ಹೊಟ್ಟೆ ಕ್ಲೀನ್ ಮಾಡುವ ಮುಂಚೆ ಕೊಡಬೇಕಾಗಿದ್ದ ನೋವಿನ ಇಂಜೆಕ್ಷನ್ನೂ ಮತ್ತಿನ ಇಂಜೆಕ್ಷನ್ನೂ ನನ್ನ ಏಪ್ರನ್ನಿನ ಜೇಬಿನಲ್ಲೇ ಇದ್ದವು. ಎರಡೂ. ನಾನು ಓಡಾಡುವಾಗ ಆ ಎರಡು ಗಾಜಿನ ಆಂಪ್ಯೂಲ್‌ಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಸದ್ದು ಮಾಡುವ ಸಾಮಾನನ್ನು ಯಾರಾದರೂ ಮರೆಯುತ್ತಾರೆಯೇ? ಬೇಕೆಂದೇ ಕೊಡಲಿಲ್ಲ.

ಎದುರಿಗೆ ನಿಂತು ಹೇಳಬಹುದಿತ್ತು. ಹೋದ ತಿಂಗಳು ನಮ್ಮ ಹಾಸ್ಟೆಲಿನ ಅಡುಗೆಮನೆಗೆ ಹಾಗೆ ಹೇಳಲು ಬಂದೇ ಅರ್ಧ ಹೇಳಿ ಅರ್ಧ ನುಂಗಿದ್ದು. ನನ್ನ ಬಾಯಿ ಎಂಥದ್ದು ಅಂತ ನಿನಗೆ ಗೊತ್ತು — ಹಾಸ್ಟೆಲಿನ ಹುಡುಗಿಯರು ನನ್ನ ಬೆನ್ನ ಹಿಂದೆ 'ಸೂಜಿ ಆಂಟಿ' ಅನ್ನುವುದು ಇಂಜೆಕ್ಷನ್ನಿಗಲ್ಲ, ಮಾತಿಗೆ. ಬೇರೆಯವರ ತಪ್ಪನ್ನು ಒಂದೇ ಉಸಿರಿಗೆ ಆಡಿ ಮುಗಿಸುವ ಬಾಯಿ, ನನ್ನ ತಪ್ಪಿನ ಹತ್ತಿರ ಬಂದರೆ ತೊದಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದನ್ನು ನುಂಗುವುದು ಕಷ್ಟ.

ಅವತ್ತು ಗುಬ್ಬಿ ಸಂತೆ. ಮಧ್ಯಾಹ್ನ ಎರಡರ ಬಿಸಿಲು. ನರ್ಸಿಂಗ್ ಹೋಮಿನಲ್ಲಿ ಇದ್ದದ್ದು ನಾನು, ಒಬ್ಬಳು ಆಯಾ. ಡಾಕ್ಟರಮ್ಮ ಬೆಳಿಗ್ಗೆಯೇ ನಿನ್ನನ್ನು ನೋಡಿ, ಬಸುರು ಅರ್ಧ ಇಳಿದಿದೆ, ಇನ್ನರ್ಧ ಒಳಗೇ ನಿಂತಿದೆ, ಕ್ಲೀನ್ ಮಾಡಲೇಬೇಕು ಅಂತ ಬರೆದಿಟ್ಟು ತುಮಕೂರಿಗೆ ಹೋಗಿದ್ದರು. ಅಲ್ಲಿ ಒಂದು ಸಿಸೇರಿಯನ್ ಮುಗಿಸಿ ಬರುತ್ತೇನೆ, ನಾನು ಬರುವ ಹದಿನೈದು ನಿಮಿಷ ಮುಂಚೆ ಎರಡೂ ಇಂಜೆಕ್ಷನ್ ಕೊಟ್ಟಿರಿ ಅಂತ ಫೋನಿನಲ್ಲಿ ಹೇಳಿದರು. ಸ್ಪಷ್ಟವಾಗಿಯೇ ಹೇಳಿದರು. ನಾನೂ ಆಯ್ತು ಮೇಡಂ ಅಂದೆ.

ನೀನು ಬೆಂಚಿನ ಮೇಲೆ ಬಗ್ಗಿ ಕೂತಿದ್ದೆ. ಇಪ್ಪತ್ತಾರು ವರ್ಷ. ತವರು ಕುಣಿಗಲ್ ತಾಲೂಕು, ಹುತ್ರಿದುರ್ಗದ ಕಡೆ — ಚೀಟಿಯಲ್ಲಿ ಹಾಗೆ ಬರೆದುಕೊಂಡದ್ದು ನಾನೇ. ಗಂಡ ನಾಗರಾಜ ಹೊರಗೆ ಬೇವಿನ ಮರದ ಕೆಳಗೆ ಗೂಡ್ಸ್ ಆಟೋ ನಿಲ್ಲಿಸಿಕೊಂಡು ನಿಂತಿದ್ದ, ಒಳಗೆ ಬರಲಿಲ್ಲ. ಕೇಸ್ ಶೀಟ್ ತುಂಬಿಸುತ್ತ, ತಲೆ ಎತ್ತದೆ, ಏನಾಯ್ತಮ್ಮ ಅಂತ ಕೇಳಿದೆ.

"ಕಳ್ಕೊಂಬುಟ್ಟೆ ಸಿಸ್ಟ್ರೇ" ಅಂದೆ ನೀನು.

ಕಳ್ಕೊಂಬುಟ್ಟೆ. ನಮ್ಮ ಕಡೆ ಈ ಮಾತು ಎಷ್ಟು ಮೋಸದ್ದು ನೋಡು. ಕೈಜಾರಿ ಹೋದದ್ದಕ್ಕೂ ಅದೇ ಮಾತು, ಕೈಯಾರೆ ಕಳೆದದ್ದಕ್ಕೂ ಅದೇ ಮಾತು. ಬಸುರು ಕಳ್ಕೊಂಡ್ಲು ಅಂದರೆ ಅಯ್ಯೋ ಪಾಪ ಅನ್ನುವವರೂ ಇದ್ದಾರೆ, ಥೂ ಪಾಪಿ ಅನ್ನುವವರೂ ಇದ್ದಾರೆ. ಕೇಳುವವರ ಕಿವಿಯ ಮೇಲೆ ಹೋಗುತ್ತದೆ ಅದು. ನನ್ನ ಕಿವಿ ಎರಡನೆಯ ಜಾತಿಯದು.

ಮಾತ್ರೆ ತಗೊಂಡಿದ್ಯಾ ಅಂದೆ. ಹೂಂ, ತಗೊಂಡೆ ಅಂದೆ ನೀನು. ಯಾವ ಮಾತ್ರೆ, ಯಾರು ಕೊಟ್ಟದ್ದು, ಯಾತಕ್ಕೆ — ಮುಂದಿನ ಪ್ರಶ್ನೆ ಕೇಳುವುದು ನನ್ನ ಕೆಲಸ. ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ, ತೀರ್ಪು ಅಷ್ಟು ಹೊತ್ತಿಗೆ ಆಗಿಹೋಗಿತ್ತು. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗಿ, ಅರ್ಧಂಬರ್ಧ ಮಾಡಿಕೊಂಡು, ಈಗ ನಮ್ಮ ತಲೆಗೆ ಕಟ್ಟಲು ಬಂದವಳು ಅಂತ ನಿನ್ನನ್ನು ನಾನು ಬರೆದುಕೊಂಡೆ. ಶೀಟಿನಲ್ಲಲ್ಲ, ಮನಸ್ಸಿನಲ್ಲಿ.

ಅಂಥವರಿಗೆ ನನ್ನದೇ ಒಂದು ಪದ್ಧತಿ ಇತ್ತು ಭಾಗ್ಯ. ಇದನ್ನು ಯಾರಿಗೂ ಹೇಳಿಲ್ಲ. ಡಾಕ್ಟರು ಏನೇ ಬರೆಯಲಿ, ಕಳೆದುಕೊಂಡು ಬಂದವಳು ಅನ್ನಿಸಿದರೆ ನಾನು ಅರ್ಧ ಔಷಧ ಕೊಡುತ್ತಿದ್ದೆ, ಇಲ್ಲವೆ ತಡವಾಗಿ ಕೊಡುತ್ತಿದ್ದೆ. ಸ್ವಲ್ಪ ನೋವು ತಿನ್ನಲಿ, ಬುದ್ಧಿ ಬರುತ್ತೆ ಅಂತ. ಮಾಡಿದ್ದುಣ್ಣೋ ಮಾರಾಯ ಅನ್ನುವುದು ಆ ವಾರ್ಡಿನಲ್ಲಿ ನನ್ನ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಆಯಾ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಎಷ್ಟು ಜನಕ್ಕೆ ಹಾಗೆ ಮಾಡಿದೆ ಅಂತ ನೆನಪಿಸಿಕೊಳ್ಳಲು ನೋಡಿದ್ದೇನೆ — ಮುಖಗಳು ಬರುವುದಿಲ್ಲ, ಕಾಲುಗಳು ಮಾತ್ರ ಬರುತ್ತವೆ. ಆದರೆ ಏನೇನೂ ಕೊಡದೆ ಇದ್ದದ್ದು ನಿನಗೊಬ್ಬಳಿಗೇ. ಯಾಕೆ ನಿನಗೇ ಅಂದರೆ, ಅವತ್ತು ಊಟ ತಡವಾಗಿತ್ತು, ಸೆಕೆ ಇತ್ತು, ನೀನು ಟೇಬಲ್ ಹತ್ತುವಾಗ ಸೀರೆ ಎತ್ತಲು ನಾಚಿಕೊಂಡೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ.

ನೀನು ಒಂದು ಕಾರಣ ಹುಡುಕಿ ಕೊಟ್ಟೀಯ ಅಂತ ನನಗೆ ಭಯ. ನಿನ್ನ ಸ್ವಭಾವವೇ ಅಂಥದ್ದು. ಅಕ್ಕನಿಗೆ ಏನೋ ಕಷ್ಟ ಇತ್ತೇನೋ, ಮಕ್ಕಳಿಲ್ಲದ ಹೊಟ್ಟೆಯುರಿ ಇತ್ತೇನೋ ಅಂತ. ಇಲ್ಲ. ನನಗೆ ಇಬ್ಬರು ಮಕ್ಕಳು, ಇಬ್ಬರೂ ಸುಖವಾಗಿ ಹುಟ್ಟಿದವರು. ಗಂಡ ಕೈಯೆತ್ತಿದವನಲ್ಲ. ಸಂಬಳ ಸರಿಯಾಗಿ ಬರುತ್ತಿತ್ತು. ನನಗೆ ಯಾರೂ ಏನೂ ಮಾಡಿರಲಿಲ್ಲ. ಮೇಜಿನ ಮೇಲೆ ಮಲಗಿದವಳು ನನ್ನ ಕೈಯಲ್ಲಿದ್ದಾಳೆ ಅನ್ನುವುದರಲ್ಲಿ ಒಂದು ರುಚಿ ಇತ್ತು, ಅದನ್ನು ನಾನು ನ್ಯಾಯ ಅಂದುಕೊಂಡಿದ್ದೆ.

ಮಲಗುವಾಗ ಇಲ್ಲದ ನಾಚಿಕೆ ಈಗ್ಯಾಕೆ ಅಂದೆ ನಿನಗೆ. ನಿನಗೆ ನೆನಪಿದೆಯೋ ಇಲ್ಲವೋ. ನೀನು ಗೋಡೆಯ ಕಡೆ ಮುಖ ತಿರುಗಿಸಿದೆ. ನಾನು ಡ್ರಿಪ್ಪಿನ ನಳಿಗೆಯಲ್ಲಿ ಬರೀ ಆಂಟಿಬಯಾಟಿಕ್ ಏರಿಸಿದೆ. ಏರಿಸುತ್ತ, ಇದೇ ಕಣಮ್ಮ ಮತ್ತಿನ ಇಂಜೆಕ್ಷನ್, ಕಣ್ಣು ಮುಚ್ಚಿಕೋ, ನಿದ್ದೆ ಬರುತ್ತೆ ಅಂತ ಹೇಳಿದೆ. ನೀನು ಮುಚ್ಚಿಕೊಂಡೆ. ಎಷ್ಟು ಗಟ್ಟಿಯಾಗಿ ಮುಚ್ಚಿಕೊಂಡೆ ಅಂದರೆ ರೆಪ್ಪೆ ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ, "ಇನ್ನೂ ಬರ್ಲಿಲ್ಲ ಸಿಸ್ಟ್ರೇ" ಅಂದೆ, ನಿನ್ನದೇ ತಪ್ಪು ಅನ್ನುವ ಹಾಗೆ. ಬರುತ್ತೆ ಇರು ಅಂದೆ. ಬರುವಂಥದ್ದು ಏನೂ ನಿನ್ನ ಮೈಯೊಳಗೆ ಹೋಗಿರಲಿಲ್ಲ.

ಡಾಕ್ಟರಮ್ಮ ಬಂದರು. ಕೊಟ್ರಾ ಸಿಸ್ಟರ್ ಅಂದರು. ಕೊಟ್ಟೆ ಮೇಡಂ ಅಂದೆ. ಬ್ಲಡ್ ಗ್ರೂಪ್ ಯಾವುದು, ಅವಳ ಹಳೇ ಫೈಲಿನಲ್ಲಿ ನೋಡಿ ಅಂತ ಹೇಳಿ ಕೈ ತೊಳೆಯಲು ಪಕ್ಕದ ರೂಮಿಗೆ ಹೋದರು.

ಇಲ್ಲಿಯವರೆಗಿನದನ್ನು ನೀನು ತಪ್ಪು ತಿಳುವಳಿಕೆ ಅನ್ನಬಹುದು ಭಾಗ್ಯ. ಇನ್ನು ಮುಂದಿನದಕ್ಕೆ ಆ ಹೆಸರೂ ಸಲ್ಲುವುದಿಲ್ಲ.

ನಿನ್ನ ಬಟ್ಟೆ ಚೀಲದಲ್ಲಿ ನೀಲಿ ಫೈಲು ಇತ್ತು. ತೆರೆದೆ. ತುಮಕೂರಿನ ಯಾವುದೋ ಕ್ಲಿನಿಕ್ಕಿನದು, ಮಕ್ಕಳಾಗದವರಿಗೆ ಟ್ರೀಟ್ಮೆಂಟ್ ಕೊಡುವ ಕ್ಲಿನಿಕ್ಕು. ಎರಡು ವರ್ಷದ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ದಾರ ಹಾಕಿದ್ದೆ ನೀನು. ಕೊನೆಯಲ್ಲಿ ಸ್ಕ್ಯಾನು. ಒಂದರಲ್ಲಿ ಹಾರ್ಟ್‌ಬೀಟ್ ಇದೆ ಅಂತ, ಆಮೇಲಿನದರಲ್ಲಿ ಇಲ್ಲ ಅಂತ. ಮಾತ್ರೆ ತಗೊಂಡೆ ಅಂದೆಯಲ್ಲ, ಆ ಮಾತ್ರೆಯ ಚೀಟಿಯೂ ಅಲ್ಲೇ ಇತ್ತು — ಗರ್ಭ ನಿಲ್ಲಲಿ ಅಂತ ಬರೆದುಕೊಟ್ಟ ಮಾತ್ರೆ. ಒಂದು ಹೊತ್ತನ್ನೂ ತಪ್ಪಿಸದೆ ತಗೊಂಡಿದ್ದೀಯ ಅನ್ನುವುದಕ್ಕೆ ಮಾತ್ರೆಯ ಖಾಲಿ ಪಟ್ಟಿಗಳನ್ನೂ ಎಸೆಯದೆ ಇಟ್ಟಿದ್ದೆ.

ಫೈಲು ಮುಚ್ಚಿದೆ. ಪಕ್ಕದ ರೂಮಿನಲ್ಲಿ ನಲ್ಲಿಯ ನೀರಿನ ಸದ್ದು. ಡಾಕ್ಟರಮ್ಮ ಗೌನು ಹಾಕಿಕೊಂಡು ಬರುವುದಕ್ಕೆ ಇನ್ನೂ ಎರಡು ಮೂರು ನಿಮಿಷ. ನಿನ್ನ ಕೈಯಲ್ಲಿ ಡ್ರಿಪ್ ಇದೆ, ನನ್ನ ಜೇಬಿನಲ್ಲಿ ಔಷಧ ಇದೆ. ಮೂರು ಹೆಜ್ಜೆ. ಡಾಕ್ಟರಮ್ಮನಿಗೆ ನಿಜ ಹೇಳುವುದೂ ಬೇಕಿರಲಿಲ್ಲ — ಇನ್ನೂ ಮತ್ತು ಬಂದಿಲ್ಲ ಮೇಡಂ, ಇನ್ನೊಂದು ಡೋಸ್ ಕೊಡಲಾ ಅಂದಿದ್ದರೆ ಸಾಕಿತ್ತು. ಕೊಡಿ ಅನ್ನುತ್ತಿದ್ದರು, ಸ್ವಲ್ಪ ಕಾಯುತ್ತಿದ್ದರು.

ಕೊಡಲಿಲ್ಲ. ಕೊಟ್ಟರೆ ನಾನು ತಪ್ಪಿದ್ದೆ ಅಂತ ನನಗೆ ನಾನೇ ಒಪ್ಪಿಕೊಳ್ಳಬೇಕಿತ್ತು. ಅದು ನನ್ನ ಕೈಲಾಗಲಿಲ್ಲ. ಇನ್ನೂ ಒಂದು ಹೇಳುತ್ತೇನೆ, ಹೇಳಲು ಅಸಹ್ಯವಾಗುತ್ತದೆ — ನಿನ್ನ ಮೇಲೆ ನನಗೆ ಆಗ ಮೊದಲಿಗಿಂತ ಜಾಸ್ತಿ ಸಿಟ್ಟು ಬಂತು. ಸರಿಯಾಗಿ ಮಾತಾಡಲು ಬಾರದ ಹೆಂಗಸು, ಕಳ್ಕೊಂಡೆ ಅಂತ ಹೇಳಿ ನನ್ನನ್ನು ಈ ಪೇಚಿಗೆ ಸಿಕ್ಕಿಸಿದಳಲ್ಲ ಅಂತ. ನಿರಪರಾಧಿ ಅಂತ ಗೊತ್ತಾದ ಮೇಲೆ ನಿನ್ನನ್ನು ಇನ್ನಷ್ಟು ದ್ವೇಷಿಸಿದೆ.

ಡಾಕ್ಟರಮ್ಮ ಶುರು ಮಾಡಿದಾಗ ನೀನು ಕೂಗಿದ ಕೂಗಿಗೆ ಹೊರಗಿದ್ದ ನಾಗರಾಜ ಓಡಿ ಬಂದು ಬಾಗಿಲು ತಟ್ಟಿದ. "ಬಾಯ್ ಮುಚ್ಚು" ಅಂದೆ ನಾನು. ಡಾಕ್ಟರಮ್ಮ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. ಮತ್ತು ಹಿಡಿದೇ ಇಲ್ಲವಲ್ಲ ಸಿಸ್ಟರ್ ಅಂದರು. ಅದು ದೇವರು ಕೊಟ್ಟ ಕೊನೆಯ ಅವಕಾಶ ಅಂತ ಈಗ ಅನ್ನಿಸುತ್ತದೆ. ಆಗ ನಾನು ಏನು ಹೇಳಿದೆ ಅಂತ ನಿನಗೇ ನನಗಿಂತ ಚೆನ್ನಾಗಿ ನೆನಪಿದೆ.

"ಕೆಲವ್ರ ಮೈಗೆ ಹಿಡಿಯಲ್ಲ ಮೇಡಂ. ಇವಳದ್ದು ಅಂಥ ಮೈ."

ರಕ್ತ ಜಾಸ್ತಿ ಹೋಗುತ್ತಿತ್ತು. ಅರ್ಧಕ್ಕೆ ಬಿಡುವ ಹಾಗಿರಲಿಲ್ಲ. ಬೇಗ ಮುಗಿಸುತ್ತೇನೆ, ಗಟ್ಟಿಯಾಗಿ ಹಿಡ್ಕೊಳ್ಳಿ ಅಂದರು. ಹಿಡಿದುಕೊಂಡೆ. ನಿನ್ನ ಎರಡೂ ಮುಂಗೈಗಳನ್ನು ಸೇರಿಸಿ, ತಲೆಯ ಹಿಂದೆ, ಮೇಜಿಗೆ ಒತ್ತಿ ಹಿಡಿದೆ. ನೀನು ಸೆರಗು ಕಚ್ಚಿಕೊಂಡೆ. ಅವ್ವಾ ಅಂದೆ ಎರಡು ಮೂರು ಸಲ, ಆಮೇಲೆ ಅದೂ ಇಲ್ಲ. ಹನ್ನೆರಡು ನಿಮಿಷ. ಗೋಡೆ ಗಡಿಯಾರ ನನ್ನ ಎದುರಿಗೇ ಇತ್ತು, ಅದಕ್ಕೇ ಗೊತ್ತು.

ಆಮೇಲೆ ಆಂಪ್ಯೂಲ್‌ಗಳನ್ನು ಸಿಂಕಿನಲ್ಲಿ ಒಡೆದು ನಲ್ಲಿ ಬಿಟ್ಟೆ. ಶೀಟಿನಲ್ಲಿ ಕೊಟ್ಟಿದೆ ಅಂತ ಬರೆದು ಸಹಿ ಹಾಕಿದೆ. ಹೋಗಿ ಊಟ ಮಾಡಿದೆ. ಮುದ್ದೆ, ಹುರುಳಿ ಸಾರು. ಚೆನ್ನಾಗಿಯೇ ಊಟ ಮಾಡಿದೆ.

ಆ ನರ್ಸಿಂಗ್ ಹೋಮು ಮುಚ್ಚಿತು, ನಾನು ಕ್ಯಾತ್ಸಂದ್ರದ ಈ ಹೆಣ್ಣುಮಕ್ಕಳ ಹಾಸ್ಟೆಲಿಗೆ ಬಂದು ಸಿಕ್ ರೂಮು ನೋಡಿಕೊಳ್ಳತೊಡಗಿದೆ. ತಲೆನೋವು, ಮುಟ್ಟಿನ ನೋವು, ಪರೀಕ್ಷೆ ದಿನದ ಜ್ವರ. ನೀನು ನನಗೆ ನೆನಪೂ ಇರಲಿಲ್ಲ. ಆರು ವರ್ಷದ ಹಿಂದೆ, ಚಪಾತಿ ಮಾಡಲು ಹೊಸಬರು ಬಂದಿದ್ದಾರೆ ಅಂತ ನೋಡಲು ಅಡುಗೆಮನೆಗೆ ಬಂದರೆ, ಲಟ್ಟಣಿಗೆ ಕೆಳಗಿಟ್ಟು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕೈ ಹಿಡಿದುಕೊಂಡೆ ನೀನು. ಎಲ್ಲರ ಎದುರಿಗೆ.

"ಗುಬ್ಬಿ ಸಿಸ್ಟ್ರಲ್ವಾ ನೀವು? ನೀವ್ ಮರ್ತಿರ್ತೀರ, ನಾನ್ ಮರ್ತಿಲ್ಲ ಕಣಕ್ಕ. ಅವತ್ತು ಕೊನೇವರ್ಗೂ ನನ್ ಕೈ ಬುಡಲಿಲ್ಲ ನೀವು."

ಒತ್ತಿ ಹಿಡಿದದ್ದನ್ನು ನೀನು ಹಾಗೆ ತಿಳಿದಿದ್ದೆ. ನಿನ್ನ ಮೈಯಲ್ಲೇ ಏನೋ ಕೊರತೆ, ಅದಕ್ಕೆ ಔಷಧ ಹಿಡಿಯಲಿಲ್ಲ, ಆ ನರಕದಲ್ಲಿ ಒಬ್ಬಳು ಪುಣ್ಯಾತ್ಗಿತ್ತಿ ಕೈ ಹಿಡಿದುಕೊಂಡು ನಿಂತಿದ್ದಳು — ಇದು ನೀನು ಕಟ್ಟಿಕೊಂಡ ಕತೆ. ನಾನು ಏನು ಮಾಡಿದೆ ಗೊತ್ತೇ? ನಕ್ಕೆ. ಅದು ನಮ್ಮ ಕೆಲಸ ಅಲ್ವೇನಮ್ಮ ಅಂದೆ.

ಅವತ್ತಿನಿಂದ ನನಗೆ ನೀನು ಎತ್ತಿಡುತ್ತಿದ್ದ ಬಿಸಿ ಚಪಾತಿ, ಏಕಾದಶಿಗೆ ಮಾಡಿ ಕೊಡುತ್ತಿದ್ದ ಅವಲಕ್ಕಿ, ಅಕ್ಕ ಅಕ್ಕ ಅನ್ನುವ ನಿನ್ನ ಬಾಯಿ — ಎಲ್ಲವನ್ನೂ ತಿಂದೆ, ಎಲ್ಲವನ್ನೂ ಒಪ್ಪಿಸಿಕೊಂಡೆ. ಮೊದಲ ತಪ್ಪು ಹನ್ನೆರಡು ನಿಮಿಷದ್ದು, ಎರಡನೆಯದು ಆರು ವರ್ಷದ್ದು. ಯಾವುದು ದೊಡ್ಡದು ಅಂತ ನೀನೇ ಹೇಳಬೇಕು.

ಮೂರು ವರ್ಷದ ಹಿಂದೆ ತೆಂಗಿನಕಾಯಿ ತುರಿಯುವಾಗ ಈಳಿಗೆ ಮಣೆಗೆ ಸಿಕ್ಕಿ ನಿನ್ನ ಬಲಗೈಯ ತೋರುಬೆರಳು ಮೂಳೆ ಕಾಣುವಷ್ಟು ಸೀಳಿತು. ಹೊಲಿಗೆ ಹಾಕಿಸಬೇಕು, ತುಮಕೂರಿಗೆ ಹೋಗೋಣ ಅಂದೆ. ನೀನು ಒಲ್ಲೆ ಅಂದೆ. ನಂಗೆ ಹಿಡಿಯಲ್ವಲ್ಲ ಅಕ್ಕ, ಹಂಗೇ ಚುಚ್ತಾರೆ, ನೀವೇ ಕಟ್ಬುಡಿ ಅಂದೆ. ಆ ಕ್ಷಣ ಒಂದು ವಾಕ್ಯ ಸಾಕಿತ್ತು. ಬೆರಳು ಮರಗಟ್ಟಿಸಲು ಹಾಕುವ ಔಷಧ ಹಿಡಿಯುತ್ತೆ ಕಣೇ, ನಿನಗೂ ಹಿಡಿಯುತ್ತೆ, ಯಾಕೆಂದರೆ — ಆ 'ಯಾಕೆಂದರೆ'ಯ ಹತ್ತಿರ ನಿಂತುಬಿಟ್ಟೆ. ಟೇಪು ಹಾಕಿ, ಬಟ್ಟೆ ಸುತ್ತಿ ಕಟ್ಟಿದೆ. ಗಾಯ ಸೆಳೆದುಕೊಂಡು ಮಾಗಿತು. ಆ ಬೆರಳು ಅವತ್ತಿನಿಂದ ಕೊಕ್ಕೆಯ ಹಾಗೆ ಬಗ್ಗಿಯೇ ಇದೆ, ನೇರವಾಗುವುದಿಲ್ಲ. ದಿನವೂ ಅದೇ ಬೆರಳಿನಲ್ಲಿ ಹಿಟ್ಟು ನಾದುವುದನ್ನು ನೋಡುತ್ತಿದ್ದೆ.

ಆಮೇಲಿನ ಅವರೆಕಾಯಿ ಕಾಲ. ಭಾನುವಾರ, ಹುಡುಗಿಯರೆಲ್ಲ ಊರಿಗೆ ಹೋಗಿದ್ದರು. ಇಬ್ಬರೂ ವರಾಂಡದಲ್ಲಿ ಕೂತು ಕಾಯಿ ಸುಲಿಯುತ್ತಿದ್ದೆವು. ನೀನು ಕಾಯಿಯಿಂದ ಕಣ್ಣೆತ್ತದೆ ಹೇಳಿದೆ.

"ಗುಬ್ಬಿದಾದ್ಮೇಲೆ ಇನ್ನೊಂದ್ಸಲ ನಿಂತಿತ್ತು ಕಣಕ್ಕ. ನಾಕ್ ವರ್ಷದ ಮೇಲೆ, ತಾನಾಗೇ. ಅದ್ನೂ ಕಳ್ಕೊಂಡೆ."

ಈ ಸಲ ನಾನು ಜಾಣಳಾಗಿದ್ದೆ, ಪಾಠ ಕಲಿತಿದ್ದೆ. ದೇವರು ಕೊಡಲಿಲ್ಲ ಬಿಡು, ನಿನ್ನ ತಪ್ಪೇನಿದೆ ಅಂದೆ. ನೀನು ತಲೆ ಅಲ್ಲಾಡಿಸಿದೆ. ಇಲ್ಲಕ್ಕ, ದೇವ್ರು ಕೊಟ್ಟಿದ್ದ, ನಾನೇ ಕಳ್ಕೊಂಡೆ ಅಂದೆ. ಮೆಡಿಕಲ್‌ನಿಂದ ಮಾತ್ರೆ ತಂದು, ನಾಗರಾಜನಿಗೂ ಹೇಳದೆ, ಮೂರು ದಿನ ಹೊಟ್ಟೆ ಹಿಡಿದುಕೊಂಡು ಮನೆಯಲ್ಲೇ ಬಿದ್ದಿದ್ದೆಯಂತೆ. ಅಷ್ಟು ಹರಕೆ ಹೊತ್ತವಳು, ಖಾಲಿ ಮಾತ್ರೆ ಪಟ್ಟಿಯನ್ನೂ ಎಸೆಯದೆ ಇಟ್ಟುಕೊಂಡವಳು. ಯಾಕೆ ಅಂತ ನಾನು ಕೇಳಲಿಲ್ಲ, ನೀನೇ ಹೇಳಿದೆ. ಇದೂ ಅರ್ಧಕ್ಕೆ ನಿಂತರೆ? ನಿಲ್ಲದೆ ಬೆಳೆದು, ಸಿಸೇರಿಯನ್ ಮಾಡಬೇಕು ಅಂದರೆ? ಮತ್ತು ಹಿಡಿಯದ ಮೈಯನ್ನು ಎಚ್ಚರದಲ್ಲೇ ಕುಯ್ಯಿಸಿಕೊಳ್ಳುವುದು ಹೇಗೆ?

ಅಂದರೆ ನೋಡು. ಮೊದಲ ಸಲ ನೀನು ಕಳೆದುಕೊಂಡಾಗ, ಬೇಕೆಂದೇ ಕಳೆದವಳು ಅಂತ ನಾನು ಶಿಕ್ಷೆ ಕೊಟ್ಟೆ. ಆ ಶಿಕ್ಷೆಗೆ ಹೆದರಿ ನೀನು ನಿಜವಾಗಿಯೂ ಕಳೆದೆ. ನಾನು ಹೊರಿಸಿದ ಸುಳ್ಳನ್ನು ನಾನೇ ನಿಜ ಮಾಡಿಸಿದೆ. ಆ ಮಗು ಇದ್ದಿದ್ದರೆ ಈಗ — ಬೇಡ, ವರ್ಷ ಎಣಿಸುವ ಯೋಗ್ಯತೆ ನನಗಿಲ್ಲ.

ಅವತ್ತು ಇನ್ನೊಂದೂ ಹೊಳೆಯಿತು. ಮಾತ್ರೆ ನುಂಗಿದ ಆ ಎರಡನೆಯ ಸಲ ನೀನು ನನ್ನ ಟೇಬಲ್ಲಿಗೆ ಬಂದಿದ್ದರೂ, ನಿಜವಾಗಿ ಕಳೆದುಕೊಂಡೇ ಬಂದಿದ್ದರೂ, ಆ ಎರಡು ಆಂಪ್ಯೂಲು ನಿನ್ನವೇ ಆಗಿದ್ದವು. ಯಾರಿಗೆ ನೋವು ಬೇಕು, ಯಾರಿಗೆ ಬೇಡ ಅಂತ ಆರಿಸುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು? ನಿನ್ನ ಹಾಗೆ ಫೈಲು ತೋರಿಸಲು ಇಲ್ಲದ ಆ ಉಳಿದ ಹೆಂಗಸರ ಮುಂದೆ ನಾನು ನಿನ್ನ ಮುಂದಿನಷ್ಟೇ ಅಪರಾಧಿ. ಅವರಲ್ಲಿ ಯಾರ ಹೆಸರೂ ನನಗೆ ಗೊತ್ತಿಲ್ಲ. ಇಷ್ಟೆಲ್ಲ ಹೊಳೆದ ಮೇಲೂ ನಾನು ಅವತ್ತು ಬಾಯಿ ಬಿಡಲಿಲ್ಲ. ಅವರೆಕಾಳನ್ನು ಮೊರಕ್ಕೆ ತುಂಬಿಕೊಂಡು ಒಳಗೆ ಹೋದೆ.

ಈ ವರ್ಷ ನಿನಗೆ ರಕ್ತ ಹೋಗುವುದು ನಿಲ್ಲಲಿಲ್ಲ. ಗರ್ಭಕೋಶದಲ್ಲಿ ಗಡ್ಡೆ, ಬೇಗ ಆಪರೇಷನ್ ಮಾಡದಿದ್ದರೆ ಉಳಿಯುವುದು ಕಷ್ಟ ಅಂತ ತುಮಕೂರಿನ ಡಾಕ್ಟರು ಹೇಳಿದರು. ಎರಡು ಸಲ ಅಡ್ಮಿಟ್ ಆದೆ, ಎರಡು ಸಲವೂ ಹಾಸಿಗೆ ಬಿಟ್ಟು ಎದ್ದು ಬಸ್ ಹತ್ತಿ ಬಂದೆ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ರೊಟ್ಟಿ ಹಂಚಿನ ಮುಂದೆ ನಿಲ್ಲಲಾಗದೆ ಗೋಡೆ ಹಿಡಿದುಕೊಳ್ಳುತ್ತಿದ್ದೆ. ನಾಗರಾಜ ನನ್ನ ಹತ್ತಿರ ಬಂದು ಅತ್ತ. ನೀವ್ ಹೇಳುದ್ರೆ ಕೇಳ್ತಾಳೆ ಅಂದ. ನಾನು ನಿನಗೆ ಹೇಳಿದೆ — ಈಗ ಹೊಸ ಔಷಧ ಬಂದಿದೆ, ಎಂಥ ಮೈಗೂ ಹಿಡಿಯುತ್ತೆ ಅಂತ. ಹೇಡಿಯ ಮಾತು. ನೀನು ನಂಬಲಿಲ್ಲ. ನನ್ ಮೈ ನಂಗೊತ್ತು ಅಕ್ಕ ಅಂದೆ. ಸಾಯ್ತೀನಿ ಪರವಾಗಿಲ್ಲ, ಆ ಟೇಬಲ್ ಮ್ಯಾಲೆ ಮಲಗಲ್ಲ ಅಂದೆ. ನಾನು ನಿನಗೆ ಕೊಟ್ಟ ಸುಳ್ಳಿಗೆ ನೀನು ಜೀವ ಕೊಡಲು ತಯಾರಾಗಿದ್ದೆ.

ಆಗ ಬಂದೆ ಅಡುಗೆಮನೆಗೆ. ಮಧ್ಯಾಹ್ನದ ಪಾತ್ರೆ ತೊಳೆದಾಗಿತ್ತು. ನೀನು ಚೀಲದ ಮೇಲೆ ಕೂತು ಸಂಜೆಗೆ ಹಿಟ್ಟು ಉಂಡೆ ಮಾಡುತ್ತಿದ್ದೆ. ಭಾಗ್ಯ, ಗುಬ್ಬಿಯಲ್ಲಿ ಅವತ್ತು ನಾನು ನಿನಗೆ ಮತ್ತಿನ ಇಂಜೆಕ್ಷನ್ ಕೊಟ್ಟೇ ಇರಲಿಲ್ಲ ಅಂದೆ. ಇಲ್ಲಿಯವರೆಗೆ ನಿಜ. ನೀನು ತಲೆಯೆತ್ತಿದೆ. ಆ ನಿನ್ನ ಕಣ್ಣು ನೋಡಿ ನನ್ನ ನಾಲಗೆ ಹೊರಳಿತು. ಕೆಲಸದ ಗಡಿಬಿಡಿ ಕಣೇ, ಮರೆತುಹೋಗಿತ್ತು ಅಂದೆ.

ನೀನು ಬೈಯುತ್ತೀಯ ಅಂತ ಕಾದೆ. ನೀನು ಕೇಳಿದ್ದು ಒಂದೇ.

"ಹಂಗಾದ್ರೆ ನಂಗೆ ಹಿಡಿಯುತ್ತಾ ಅಕ್ಕ?"

ಹಿಡಿಯುತ್ತೆ ಅಂದೆ. ಎಲ್ಲರಿಗೂ ಹಿಡಿಯುವ ಹಾಗೇ ನಿನಗೂ ಹಿಡಿಯುತ್ತೆ ಅಂದೆ. ನೀನು ಬಗ್ಗಿದ ಬೆರಳನ್ನು ನೋಡಿಕೊಂಡೆ. ಹಂಗಾದ್ರೆ ಆ ಎರಡನೇದು — ಅಂತ ಶುರು ಮಾಡಿದವಳು ಅಲ್ಲಿಗೇ ಬಿಟ್ಟೆ. ಉಂಡೆಯನ್ನು ತಟ್ಟೆಯಲ್ಲಿಟ್ಟು, ಇನ್ನೊಂದು ಹಿಡಿ ಹಿಟ್ಟು ತಗೊಂಡು, ನನ್ನನ್ನೇ ಸಮಾಧಾನ ಮಾಡಿದೆ. ಬುಡಿ ಅಕ್ಕ, ಮನುಷ್ಯರು ಅಂದ್ಮೇಲೆ ಮರೀತಾರೆ, ಮೊನ್ನೆ ನಾನು ಹಿಟ್ಟಿಗೆ ಉಪ್ಪು ಹಾಕೋದು ಮರ್ತಿಲ್ವಾ ಅಂದೆ. ಆಪರೇಷನ್ನಿಗೆ ಒಪ್ಪಿದೆ. ನಿದ್ದೆ ಬರುವವರೆಗೂ ನೀವು ಕೈ ಹಿಡ್ಕೊಂಡಿರಬೇಕು ಅನ್ನುವುದೊಂದೇ ನಿನ್ನ ಷರತ್ತು.

ಎಲ್ಲ ಹೇಳಿಬಿಟ್ಟರೆ ಹೆದರಿ ಮತ್ತೆ ಟೇಬಲ್ ಬಿಟ್ಟು ಓಡುತ್ತೀಯ, ಅದಕ್ಕೇ ಮುಚ್ಚಿಟ್ಟೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಅರ್ಧ ನಿಜ. ಇನ್ನರ್ಧ, ನಿನ್ನ ಕಣ್ಣಿನಲ್ಲಿ ಒಳ್ಳೆಯವಳಾಗಿಯೇ ಉಳಿಯುವ ಆಸೆ. ಅದನ್ನೂ ಬರೆದಿಟ್ಟಿರುತ್ತೇನೆ.

ತುಮಕೂರಿನ ಆಸ್ಪತ್ರೆಯ ಹೆಡ್ ನರ್ಸು ನನ್ನ ಜೊತೆ ಕಲಿತವಳು, ನನ್ನನ್ನು ಆಪರೇಷನ್ ಥಿಯೇಟರಿನ ಒಳಗೆ ಬಿಟ್ಟಳು. ನಿನ್ನ ಬಲಗೈ ನನ್ನ ಕೈಯಲ್ಲಿತ್ತು. ಮತ್ತಿನ ಔಷಧ ಕೊಡುವ ಡಾಕ್ಟರು ಎಣಿಸಿ ಅಂದರು. ಒಂದು, ಎರಡು ಅಂತ ನೀನು ಶಾಲೆ ಹುಡುಗಿಯ ಹಾಗೆ ಜೋರಾಗಿ ಶುರು ಮಾಡಿದೆ. ಐದರ ನಂತರ ಆರು ಬರಲಿಲ್ಲ. ಬಾಯಿ 'ಆ' ಅಂತ ತೆರೆದದ್ದು ಹಾಗೇ ನಿಂತಿತು. ಹಣೆಯ ಗಂಟು ಬಿಚ್ಚಿಕೊಂಡಿತು. ಹನ್ನೆರಡು ವರ್ಷ ನೀನು ಹೆದರಿದ್ದಕ್ಕೆ, ಒಂದು ಮಗುವನ್ನು ಕಳೆದದ್ದಕ್ಕೆ, ಸಾಯಲು ತಯಾರಾಗಿದ್ದಕ್ಕೆ ಉತ್ತರ ಐದು ಎಣಿಸುವಷ್ಟರಲ್ಲಿ ಸಿಕ್ಕಿತು. ನನ್ನ ಜೇಬಿನಲ್ಲಿ ಇದ್ದದ್ದು ಇಷ್ಟೇ ಭಾಗ್ಯ. ಇಷ್ಟನ್ನು ನಿನಗೆ ಕೊಡಲಿಲ್ಲ.

ನಿನ್ನ ಬೆರಳುಗಳೆಲ್ಲ ಸಡಿಲವಾದವು. ಆ ಒಂದು ಬೆರಳು ಮಾತ್ರ ನನ್ನ ಹೆಬ್ಬೆರಳನ್ನು ಕೊಕ್ಕೆ ಹಾಕಿದ ಹಾಗೆ ಹಿಡಿದೇ ಇತ್ತು. ಹೊರಗೆ ಹೋಗಿ ಸಿಸ್ಟರ್ ಅಂತ ಅವರು ಹೇಳಿದಾಗ ಅದನ್ನು ನಾನೇ ಬಿಡಿಸಬೇಕಾಯಿತು.

ಈಗ ಮನೆಯಲ್ಲಿ ಮಲಗಿದ್ದೀಯ. ನೋಡಲು ಬಂದವರಿಗೆಲ್ಲ, ನಂಗೂ ಹಿಡೀತು ಕಣ್ರೀ, ಆರು ಎಣಿಸೋಕೂ ಬುಡ್ಲಿಲ್ಲ ಅಂತ ನಗುತ್ತ ಹೇಳುತ್ತೀಯ. ಹೊಲಿಗೆ ನೋಯುತ್ತೆ, ನಗಿಸಬೇಡಿ ಅಂತ ಹೊಟ್ಟೆ ಹಿಡಿದುಕೊಂಡು ಮತ್ತೆ ನಗುತ್ತೀಯ. ಪಕ್ಕದಲ್ಲಿ ಗಂಜಿ ಲೋಟ ಹಿಡಿದುಕೊಂಡು ನಾನು ಕೂತಿರುತ್ತೇನೆ. ಈ ಅಕ್ಕನ ಕೈಗುಣ ಅಂತ ನೀನು ಅವರಿಗೆ ನನ್ನನ್ನು ತೋರಿಸುತ್ತೀಯ. ನಿನ್ನೆ ನಾಗರಾಜ ನನ್ನ ಕಾಲಿಗೆ ಬಗ್ಗಿದ. ಸಾಕು.

ಶುಕ್ರವಾರ ನಿನ್ನ ಹೊಲಿಗೆ ಬಿಚ್ಚುತ್ತಾರೆ. ಗಾಯ ಒಣಗಿದೆ ಅಂತ ಡಾಕ್ಟರ ಬಾಯಲ್ಲಿ ಕೇಳಿಕೊಂಡ ಮೇಲೆ, ನಾಗರಾಜ ಕೆಲಸಕ್ಕೆ ಹೋದ ಮೇಲೆ, ಈ ಹಾಳೆಗಳನ್ನು ತಂದು ನಿನ್ನ ಕೈಗೇ ಕೊಡುತ್ತೇನೆ. ಆ ಡಾಕ್ಟರಮ್ಮ ಈಗ ಎಲ್ಲಿದ್ದಾರೆ ಅಂತ ವಿಚಾರಿಸಿದ್ದೇನೆ, ಅವರಿಗೂ ಒಂದು ಕಾಗದ ಬರೆಯುತ್ತೇನೆ. ನೀನು ಯಾರಿಗೆ ಹೇಳು ಅಂದರೂ ಹೇಳುತ್ತೇನೆ, ಎಲ್ಲಿಗೆ ಬಾ ಅಂದರೂ ಬರುತ್ತೇನೆ. ಕ್ಷಮಿಸು ಅಂತ ಇದರಲ್ಲಿ ಎಲ್ಲೂ ಬರೆದಿಲ್ಲ. ಮರೆತದ್ದಕ್ಕೆ ಒಂದು ಸಲ ಕ್ಷಮಿಸಿದ್ದೀಯ, ಆ ಕ್ಷಮೆಯನ್ನು ವಾಪಸ್ ಕೊಡಲು ಬರುತ್ತಿದ್ದೇನೆ.

ನೀನು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರುತ್ತೇನೆ. ಕೂಗಬೇಕು ಅನ್ನಿಸಿದರೆ ಕೂಗು ಭಾಗ್ಯ. ಬೀದಿಗೆ ಕೇಳಿಸಿದರೂ ಸರಿ. ಈ ಸಲ ಬಾಯಿ ಮುಚ್ಚು ಅನ್ನುವುದಿಲ್ಲ.